ಹಗ್ಗ ಬಿಟ್ಟ ಮೇಲೆ

ಎತ್ತಿನ ಗಾಡಿಯಲ್ಲಿ ನಿದ್ದೆ ಮಾಡುವ ಸುಖವನ್ನು ಈಗಿನವರು ಕಂಡವರಲ್ಲ. ನಮ್ಮ ತಾತ ಗುಬ್ಬಿಯ ಸಂತೆ ಮುಗಿಸಿ ಗಾಡಿ ಕಟ್ಟಿದರೆಂದರೆ, ಊರು ದಾಟಿದೊಡನೆ ಹಗ್ಗ ಬಿಟ್ಟು ಮಲಗಿಬಿಡುತ್ತಿದ್ದರಂತೆ. ಎತ್ತುಗಳೇ ತುಮಕೂರಿನ ಮನೆ ಮುಟ್ಟಿಸುತ್ತಿದ್ದವು. ಅಜ್ಜಿಗೆ ಮಾತ್ರ ಇದು ಸರಿಬೀಳದು. ಆಕೆ ಕುದುರೆಗಳಿಗೆ ಹೆಸರಾದ ಕುಣಿಗಲ್ಲಿನವಳು. ಲಗಾಮು ಬಿಟ್ಟವನು ಸವಾರನೇ ಅಲ್ಲ ಎಂಬುದು ಆಕೆಯ ವಾದ.

ಈ ವಾದ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಆರಂಭವಾದಂದಿನಿಂದ ಗುಬ್ಬಿಯ ಕಡೆಯವರಿಗೆ ಹಾರಾಟದ ಮಾತು ಹೊಸದಲ್ಲ. ನಮಗಂತೂ ಅದು ಮನೆಯ ಮಾತೇ. ನನ್ನ ತಂಗಿಯ ಮಗ ವಿಮಾನ ಚಾಲಕ. ಕಳೆದ ರಜೆಯಲ್ಲಿ ಬಂದಿದ್ದಾಗ ತಂಗಿ ಕೇಳಿಯೇಬಿಟ್ಟಳು:

"ಮೋಡ ಕವಿದು ನೆಲವೇ ಕಾಣದಿದ್ದಾಗ ನೀನು ಇಳಿಸ್ತೀಯೋ, ಯಂತ್ರ ಇಳಿಸುತ್ತೋ?"

"ಯಂತ್ರಕ್ಕೆ ನಾವು ಹೇಳ್ತೀವಮ್ಮ, ಅದು ಇಳಿಸುತ್ತೆ" ಎಂದ.

ಹೇಳುವುದೇನೆಂದು ವಿಚಾರಿಸಿದೆ. ಎಡಬಲದ ದಾರಿಗಿಂತ ಇಳಿಜಾರಿನ ಲೆಕ್ಕ ನಾಜೂಕಿನದಂತೆ. ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರು. ಎಂದರೆ ನಾಟಿಕಲ್ ಮೈಲಿಗೆ ಸುಮಾರು 300 ಅಡಿ. ದೊಡ್ಡ ನಿಲ್ದಾಣಗಳಲ್ಲಿ ನೆಲದಿಂದ ಹೊಮ್ಮುವ ರೇಡಿಯೋ ಕಿರಣ ಈ ಇಳಿಜಾರನ್ನು ತೋರಿಸುತ್ತದೆ. ಆಟೋಪೈಲಟ್ ಅದನ್ನೇ ಹಿಡಿದು ಇಳಿಯುತ್ತದೆ. ಕಿರಣವಿಲ್ಲದ ಕಡೆ ಚಾಲಕನೇ ಗುಂಡಿ ತಿರುಗಿಸಿ, ಇಂಥ ಎತ್ತರಕ್ಕೆ ಇಳಿ, ನಿಮಿಷಕ್ಕೆ ಇಷ್ಟು ಅಡಿಯಂತೆ ಇಳಿ ಎಂದು ಅಪ್ಪಣೆ ಕೊಡಬೇಕು.

ಬೆಂಗಳೂರಿಗರು 1990ರ ಫೆಬ್ರವರಿ 14ನ್ನು ಮರೆತಿರಲಾರರು. ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಎ-320 ವಿಮಾನ ಓಡುಹಾದಿ ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ಬಿತ್ತು. ಒಳಗಿದ್ದ 146 ಮಂದಿಯಲ್ಲಿ 92 ಮಂದಿ ತೀರಿಹೋದರು. ನಿಮಿಷಕ್ಕೆ 700 ಅಡಿ ಎಂದು ವೇಗದ ಗುಂಡಿಗೆ ಹೇಳಬೇಕಾದದ್ದು ಎತ್ತರದ ಗುಂಡಿಗೆ ಹೋಗಿರಬಹುದೆಂದು ತನಿಖೆ ಊಹಿಸಿತು. ಬೆಂಗಳೂರಿನ ನೆಲವೇ ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಮೇಲಿದೆ. 700 ಅಡಿಯೆಂದರೆ ಪಾತಾಳವೇ! ಯಂತ್ರ ಎದುರಾಡಲಿಲ್ಲ. ಎಂಜಿನ್‌ಗಳನ್ನು ಮಂದಗತಿಯಲ್ಲೇ ಇರಿಸಿತು. ವೇಗ ಕುಗ್ಗುತ್ತ ಬಂತು. ಚಾಲಕರು ಎಚ್ಚೆತ್ತಾಗ ಹೊತ್ತು ಮೀರಿತ್ತು.

ತಾತನ ಎತ್ತು ಹಳ್ಳ ಕಂಡರೆ ನಿಲ್ಲುತ್ತಿತ್ತು. ಅದಕ್ಕೂ ತನ್ನ ಜೀವದ ಮೇಲೆ ಆಸೆಯಿತ್ತಷ್ಟೆ. ಅಂಥ ಆಸೆಯಿಲ್ಲದ ಯಂತ್ರಕ್ಕೆ ಕೊಟ್ಟ ಅಂಕಿಯೇ ಊರು.

ಈಗ ನಮ್ಮ ದೇಶದ 'ಗಗನ್' ವ್ಯವಸ್ಥೆ ಉಪಗ್ರಹದ ನೆರವಿನಿಂದಲೇ ಇಳಿಜಾರು ತೋರಿಸುತ್ತದೆ. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋ ವಿಮಾನವೊಂದು ಹಾಗೆ ಇಳಿಯಿತು. ಆದರೂ ಕಣ್ಣು ಕಾಯುವುದು ತಪ್ಪಲಿಲ್ಲ.

"ಒಬ್ಬರು ಅಂಕಿ ತಿರುಗಿಸಿದ್ರೆ ಇನ್ನೊಬ್ಬರು ನೋಡಿ ಗಟ್ಟಿಯಾಗಿ ಓದ್ಬೇಕು ಮಾವ" ಎಂದ ಹುಡುಗ.

ಮಂಡಿಯಲ್ಲಿ ತೂಗುವವನು ಕೂಗಿದ್ದನ್ನು ಬರೆಯುವವನು ಮತ್ತೊಮ್ಮೆ ಹೇಳಿ ಬರೆದುಕೊಳ್ಳುವುದಿಲ್ಲವೇ, ಹಾಗೆ.

ಇಷ್ಟು ಹೊತ್ತೂ ಸುಮ್ಮನೆ ಕೇಳುತ್ತಿದ್ದ ತಂಗಿ, "ಹಾಗಾದ್ರೆ ಗಟ್ಟಿಯಾಗೇ ಓದಪ್ಪ" ಎಂದಳು.