ಪ್ಯಾಕೆಟ್ಟಿನ ಬೆನ್ನು ಬಿಡಿಸುವಾಗ

ಕ್ರೀಡಾ ಕಾರ್ಡಿನ ಪ್ಯಾಕೆಟ್ಟು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಒಳಗೆ ಎಷ್ಟು ಕಾರ್ಡುಗಳಿವೆ ಎಂಬುದು ಹೊದಿಕೆಯ ಮೇಲೆಯೇ ಅಚ್ಚಾಗಿರುತ್ತದೆ. ಯಾರ್ಯಾರ ಕಾರ್ಡುಗಳು ಎಂಬುದು ಮಾತ್ರ ಗುಟ್ಟು. ಈ ಹವ್ಯಾಸದ ಜೀವ ಇರುವುದು ಆ ಗುಟ್ಟಿನಲ್ಲಿ. ಬೇಕಾದ ಆಟಗಾರನ ಕಾರ್ಡನ್ನು ಬಿಡಿಯಾಗಿ ಕೊಂಡುಕೊಳ್ಳಲು ಈಗ ದಾರಿಗಳು ಬೇಕಾದಷ್ಟಿವೆ. ಆದರೂ ಅಂಗಡಿಯಿಂದ ಮುಚ್ಚಿದ ಪ್ಯಾಕೆಟ್ಟು ತಂದು ಬಿಡಿಸುವವರು ಕಡಿಮೆಯಾಗಿಲ್ಲ. ಬಿಡಿ ಕಾರ್ಡು ಕೊಂಡವರಿಗೆ ಕಾರ್ಡೊಂದೇ ಸಿಗುತ್ತದೆ. ಪ್ಯಾಕೆಟ್ಟು ಕೊಂಡವರಿಗೆ ಕಾರ್ಡಿಗಿಂತ ಮೊದಲು, ಏನು ಬೇಕಾದರೂ ಇರಬಹುದಾದ ಅರೆ ನಿಮಿಷವೊಂದು ಸಿಗುತ್ತದೆ.

ಕಾರ್ಡು ಹುಟ್ಟಿದ್ದು ಆಟಕ್ಕಾಗಿ ಅಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಸಿಗರೇಟನ್ನು ತೆಳು ಕಾಗದದ ಪೊಟ್ಟಣದಲ್ಲಿ ಮಾರುತ್ತಿದ್ದರು. ಅದು ಮುದುಡದಿರಲೆಂದು ಒಳಗೊಂದು ಗಟ್ಟಿ ಕಾಗದದ ತುಂಡು ಇಡುತ್ತಿದ್ದರು. ಆ ತುಂಡಿನ ಮೇಲೆ ಚಿತ್ರ ಮೂಡಿಸುವ ಯೋಚನೆ ಹೊಳೆದದ್ದೇ ತಡ, ಬೇಸ್‌ಬಾಲ್ ಆಟಗಾರರು, ನಟಿಯರು, ಹಡಗುಗಳು, ಹಕ್ಕಿಗಳು ಎಲ್ಲವೂ ಪೊಟ್ಟಣದೊಳಗೆ ಬಂದವು. ಇಂಗ್ಲೆಂಡಿನ ವಿಲ್ಸ್ ಕಂಪನಿ 1896ರಲ್ಲಿ ಕ್ರಿಕೆಟಿಗರ ಸರಣಿ ಹೊರಡಿಸಿತು. ನಮ್ಮ ರಣಜಿತ್‌ಸಿಂಗ್‌ಜಿಯವರ ಮುಖವೂ ಸಿಗರೇಟು ಕಾರ್ಡಿನ ಮೇಲೆ ಮೂಡಿತು. ಎರಡನೇ ಮಹಾಯುದ್ಧದ ಕಾಗದದ ಅಭಾವ ಬ್ರಿಟನ್ನಿನಲ್ಲಿ ಆ ಕಾಲವನ್ನು ಮುಗಿಸಿತು. ಅಷ್ಟರೊಳಗೆ ಅಮೆರಿಕದಲ್ಲಿ ಕಾರ್ಡು ತಂಬಾಕನ್ನು ಬಿಟ್ಟು ಚೂಯಿಂಗ್ ಗಮ್ಮಿನ ಜೊತೆ ಸೇರಿಕೊಂಡಿತ್ತು. ದೊಡ್ಡವರ ಜೇಬಿನಿಂದ ಮಕ್ಕಳ ಕೈಗೆ ಬಂದದ್ದು ಹಾಗೆ.

ಟಾಪ್ಸ್ ಕಂಪನಿ 1952ರಲ್ಲಿ ತಂದ 407 ಕಾರ್ಡುಗಳ ಬೇಸ್‌ಬಾಲ್ ಸರಣಿ ಇಂದಿನ ಕಾರ್ಡಿನ ಮಾದರಿಯೆನ್ನಬಹುದು. ಮುಂದೆ ಬಣ್ಣದ ಚಿತ್ರ, ಹಿಂದೆ ಅಂಕಿಅಂಶ. ಸೀಸನ್ನಿನ ಕೊನೆಗೆ ಬಂದ ಭಾಗ ಮಾರಾಟವಾಗದೆ ಗೋದಾಮಿನಲ್ಲಿ ಬಿದ್ದಿತ್ತು. 1960ರಲ್ಲಿ ಪೆಟ್ಟಿಗೆಗಟ್ಟಲೆ ಕಾರ್ಡುಗಳನ್ನು ದೋಣಿಗೆ ಹೇರಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದೆವೆಂದು ಆ ಸರಣಿಯನ್ನು ರೂಪಿಸಿದ ಸೈ ಬರ್ಗರ್ ಅವರೇ ಹೇಳಿದ್ದರು. ಅದೇ ಸರಣಿಯ 311ನೇ ಸಂಖ್ಯೆಯ ಮಿಕಿ ಮ್ಯಾಂಟಲ್ ಕಾರ್ಡೊಂದು 2022ರಲ್ಲಿ 1.26 ಕೋಟಿ ಡಾಲರಿಗೆ ಹರಾಜಾಯಿತು. ಆ ಬೆಲೆಗೂ ಗೂಡಂಗಡಿಯ ಪ್ಯಾಕೆಟ್ಟಿಗೂ ಸಂಬಂಧವಿಲ್ಲ. ಆ ಬೆಲೆಯನ್ನು ಕಣ್ಣಮುಂದೆ ಇಟ್ಟುಕೊಂಡು ಪ್ಯಾಕೆಟ್ಟು ಬಿಡಿಸುವವರಿಗೆ ಹವ್ಯಾಸದ ಸುಖ ದಕ್ಕುವುದೂ ಇಲ್ಲ.

ಫುಟ್‌ಬಾಲಿನ ಕಥೆ ಇಟಲಿಯದು. ಮೊದೇನಾ ಪಟ್ಟಣದಲ್ಲಿ ಪತ್ರಿಕೆ ಮಾರುವ ಕಟ್ಟೆಯಂಗಡಿ ನಡೆಸುತ್ತಿದ್ದ ಪಾನಿನಿ ಸಹೋದರರು ಬೇರೊಬ್ಬರಲ್ಲಿ ಮಾರಾಟವಾಗದೆ ಉಳಿದ ಚಿತ್ರಗಳನ್ನು ಕೊಂಡು, ಎರಡೆರಡನ್ನು ಲಕೋಟೆಯಲ್ಲಿ ಮುಚ್ಚಿ 10 ಲಿರಾಗೆ ಮಾರಿದರು. ತೆರೆದಿಟ್ಟಾಗ ಯಾರಿಗೂ ಬೇಡವಾಗಿದ್ದ ಚಿತ್ರಗಳು ಮುಚ್ಚಿಟ್ಟಾಗ ಎಲ್ಲರಿಗೂ ಬೇಕಾದವು. 1961ರಲ್ಲಿ ಅವರು ಸ್ವಂತ ಕಂಪನಿ ಕಟ್ಟಿದರು. 1970ರ ಮೆಕ್ಸಿಕೊ ವಿಶ್ವಕಪ್‌ನಿಂದ ಅವರ ವಿಶ್ವಕಪ್ ಆಲ್ಬಮ್ ಶುರುವಾಯಿತು. ಸಹೋದರರಲ್ಲಿ ಯಂತ್ರದ ಕೆಲಸದಲ್ಲಿ ಕೈ ಪಳಗಿದ್ದ ಉಂಬರ್ತೊ, ಚಿತ್ರಗಳನ್ನು ಬೆರಸಿ ಲಕೋಟೆಗೆ ತುಂಬುವ ‘ಫಿಫಿಮ್ಯಾಟಿಕ್’ ಎಂಬ ಯಂತ್ರವನ್ನೇ ಮಾಡಿದರು. ಒಂದೇ ಲಕೋಟೆಯಲ್ಲಿ ಒಂದೇ ಮುಖ ಎರಡು ಸಲ ಬರಬಾರದು, ಪಕ್ಕದ ಲಕೋಟೆಯಲ್ಲಿ ಏನಿದೆಯೆಂದು ಯಾರಿಗೂ ಊಹೆಗೆ ಸಿಗಬಾರದು. ಗುಟ್ಟನ್ನು ಹದವಾಗಿ ಬೆರಸುವುದೇ ಆ ಯಂತ್ರದ ಕೆಲಸ.

ಭಾರತಕ್ಕೆ ಈ ಹವ್ಯಾಸ ಬಂದದ್ದು ಅಡ್ಡದಾರಿಯಲ್ಲಿ. ಎಂಬತ್ತು ತೊಂಬತ್ತರ ದಶಕಗಳಲ್ಲಿ ಬಿಗ್ ಫನ್ ಬಬಲ್ ಗಮ್ಮಿನೊಳಗೆ ಕ್ರಿಕೆಟಿಗರ ಚಿತ್ರವೂ ರನ್ನಿನ ಲೆಕ್ಕವೂ ಇರುತ್ತಿದ್ದವು. ರನ್ನು ಕೂಡಿಸಿ ಕೊಟ್ಟರೆ ಬೆರಳಿನಿಂದ ಹಾಳೆ ಹಾರಿಸಿ ಹೊಡೆತ ನೋಡುವ ಪುಟ್ಟ ಪುಸ್ತಕ ಸಿಗುತ್ತಿತ್ತು. 1999ರ ವಿಶ್ವಕಪ್ಪಿನ ಹೊತ್ತಿಗೆ ಬ್ರಿಟಾನಿಯಾ ಬಿಸ್ಕತ್ತಿನ ಹೊದಿಕೆಯ ಮೇಲಿನ ರನ್ನು ಎಣಿಸದ ಮನೆ ಕಡಿಮೆ. ಕುಸ್ತಿಪಟುಗಳ ಟ್ರಂಪ್ ಕಾರ್ಡುಗಳಲ್ಲಿ ಎತ್ತರ, ತೂಕ, ಎದೆಯ ಸುತ್ತಳತೆ ಹೋಲಿಸಿ ಆಡುವುದು ಶಾಲೆಯ ಬಿಡುವಿನ ವೇಳೆಯ ಕೆಲಸವಾಗಿತ್ತು. ಆದರೆ ಟ್ರಂಪ್ ಕಾರ್ಡು ಇಡೀ ಕಟ್ಟಾಗಿ ಬರುತ್ತಿದ್ದುದರಿಂದ ಅಲ್ಲಿ ಗುಟ್ಟು ಇರಲಿಲ್ಲ. ನಿಜವಾದ ಮುಚ್ಚಿದ ಪ್ಯಾಕೆಟ್ಟು ಊರೂರಿನ ಅಂಗಡಿಗೆ ಇಳಿದದ್ದು 2010ರ ದಶಕದಲ್ಲಿ, ಟಾಪ್ಸ್‌ನ ಕುಸ್ತಿಪಟುಗಳ ಸ್ಲಾಮ್ ಅಟ್ಯಾಕ್ಸ್, ಐಪಿಎಲ್ ಆಟಗಾರರ ಕ್ರಿಕೆಟ್ ಅಟ್ಯಾಕ್ಸ್, ಆಮೇಲೆ ಪಾನಿನಿಯ ಫುಟ್‌ಬಾಲ್ ಕಾರ್ಡುಗಳ ರೂಪದಲ್ಲಿ.

ಗೋವೆಯ ಮುರ್ಮುಗಾಂವ್ ಬಂದರಿನ ಊರಾದ ವಾಸ್ಕೋದಲ್ಲಿ ಈ ಹವ್ಯಾಸಕ್ಕೆ ಒಳ್ಳೆಯ ನೆಲವಿದೆ. ಇದು ಫುಟ್‌ಬಾಲಿನ ಊರು. 1951ರ ವಾಸ್ಕೋ ಕ್ಲಬ್ಬು, 1956ರ ಸಾಲ್ಗಾಂವ್ಕರ್ ಕ್ಲಬ್ಬು ಎರಡೂ ಇಲ್ಲಿಯವು. ತಿಲಕ್ ಮೈದಾನ ಊರಿನ ನಡುವೆಯೇ ಇದೆ. ಕೊರೊನಾ ಕಾಲದ ಎರಡು ಸೀಸನ್ನುಗಳಲ್ಲಿ ಇಂಡಿಯನ್ ಸೂಪರ್ ಲೀಗ್ ಪಂದ್ಯಗಳು ಪ್ರೇಕ್ಷಕರಿಲ್ಲದೆ ನಡೆದ ಮೈದಾನಗಳಲ್ಲಿ ಅದೂ ಒಂದು. 1888ರಲ್ಲಿ ಬಂದರಿನ ಜೊತೆ ತೆರೆದ ರೈಲುಮಾರ್ಗ ಕ್ಯಾಸಲ್‌ರಾಕ್ ಘಟ್ಟ ಹತ್ತಿ ಲೋಂಡಾ, ಹುಬ್ಬಳ್ಳಿಗಳನ್ನು ಮುಟ್ಟುತ್ತದೆ. ಆ ಹಳಿಯ ದಾರಿಯಲ್ಲೇ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯವರು ದುಡಿಮೆಗೆ ಬಂದು ಬೈನಾ, ಝುವಾರಿನಗರಗಳಲ್ಲಿ ನೆಲೆಸಿದ್ದಾರೆ. ಹೀಗಾಗಿ ಒಂದೇ ಓಣಿಯಲ್ಲಿ ಎರಡು ಆಸೆಗಳು ಅಕ್ಕಪಕ್ಕ ಇರುತ್ತವೆ. ಕನ್ನಡದ ಮನೆಯ ಹುಡುಗನಿಗೆ ಬೆಂಗಳೂರು ತಂಡದ ಕ್ರಿಕೆಟ್ ಕಾರ್ಡು ಬೇಕು. ವಿಶ್ವಕಪ್ ಬಂತೆಂದರೆ ಮನೆಯ ಮೇಲೆ ಪೋರ್ಚುಗಲ್ಲಿನದೋ ಬ್ರೆಜಿಲ್ಲಿನದೋ ಬಾವುಟ ಏರಿಸುವ ಪಕ್ಕದ ಮನೆಯವನಿಗೆ ರೊನಾಲ್ಡೊ ಬೇಕು. ಪೋರ್ಚುಗಲ್ಲಿನಲ್ಲಿ ಈ ಚಿತ್ರಗಳಿಗೆ ‘ಕ್ರೋಮೊ’ ಎಂದೇ ಹೆಸರು. ರೊನಾಲ್ಡೊ ಅವರ ಮೊದಲ ಚಿತ್ರಗಳು ಬಂದದ್ದೂ ಪಾನಿನಿಯ 2002–03ರ ಪೋರ್ಚುಗಲ್ ಲೀಗ್ ಸಂಗ್ರಹದಲ್ಲಿ, ಹದಿನೇಳು ಹದಿನೆಂಟರ ಹುಡುಗನಾಗಿದ್ದಾಗ.

ಅಂಗಡಿ ಪ್ಯಾಕೆಟ್ಟು ಎಂಬುದಕ್ಕೆ ಸಂಗ್ರಾಹಕರಲ್ಲಿ ಬೇರೆಯೇ ಅರ್ಥವಿದೆ. ಹವ್ಯಾಸಿಗಳ ವಿಶೇಷ ಮಳಿಗೆಗೆಂದು ಕಟ್ಟುವ ದುಬಾರಿ ಪೆಟ್ಟಿಗೆಗಳಲ್ಲಿ ಸಹಿ ಮಾಡಿದ ಕಾರ್ಡು, ಜರ್ಸಿಯ ತುಂಡು ಕೂರಿಸಿದ ಕಾರ್ಡು ಬರುವ ಭರವಸೆ ಹೆಚ್ಚು. ಪುಸ್ತಕದಂಗಡಿ, ಆಟಿಕೆಯಂಗಡಿ, ಗೋವೆಯವರು ಗಾಡೊ ಎನ್ನುವ ಗೂಡಂಗಡಿಗಳಲ್ಲಿ ಬಿಡಿಯಾಗಿ ಸಿಗುವುದು ಅಂಗಡಿ ಪ್ಯಾಕೆಟ್ಟು. ಇದರಲ್ಲಿ ಬಹುಪಾಲು ಸಾಮಾನ್ಯ ಕಾರ್ಡುಗಳೇ. ಹೊಳಪಿನದು ಒಂದು ಬಂದರೆ ಹಬ್ಬ. ಈ ಬಡ ಪ್ಯಾಕೆಟ್ಟೇ ಹವ್ಯಾಸದ ನಿಜವಾದ ಮನೆ ಎನ್ನುವುದು ಉತ್ಪ್ರೇಕ್ಷೆಯಲ್ಲ. ತರಕಾರಿ ತರಲು ಹೋದವರೂ ಒಂದನ್ನು ಕೊಂಡು ಬರಬಹುದು.

ಬಿಡಿಸುವುದಕ್ಕೂ ಒಂದು ಕ್ರಮವಿದೆ. ಹೊದಿಕೆ ತೆಳು ಪ್ಲಾಸ್ಟಿಕ್ ಹಾಳೆ. ಎರಡು ತುದಿಗಳಲ್ಲಿ ಗರಗಸದ ಹಲ್ಲಿನಂಥ ಅಂಚು, ಹಿಂಬದಿಯಲ್ಲಿ ಉದ್ದಕ್ಕೂ ಒಂದು ಮಡಿಕೆ. ಅವಸರದ ಕೈ ತುದಿಯನ್ನು ಹರಿಯುತ್ತದೆ. ಆಗ ಒತ್ತುವ ಬೆರಳು ಕಾರ್ಡಿನ ಮೂಲೆಯನ್ನು ಮಣಿಸಿಬಿಡಬಹುದು, ಮತ್ತು ಕಾರ್ಡಿನ ಮಾನ ಇರುವುದು ನಾಲ್ಕು ಮೂಲೆಗಳಲ್ಲಿ. ಕತ್ತರಿಯಂತೂ ಹತ್ತಿರ ಬರಬಾರದು. ಪಳಗಿದವರು ಪ್ಯಾಕೆಟ್ಟನ್ನು ಮಗುಚಿ, ಬೆನ್ನಿನ ಮಡಿಕೆಯನ್ನು ಎರಡೂ ಹೆಬ್ಬೆರಳುಗಳಿಂದ ಮೆಲ್ಲಗೆ ಬೇರ್ಪಡಿಸುತ್ತಾರೆ. ಅಂಟು ಬಿಡುವ ಸಣ್ಣ ಸದ್ದು ಕೇಳುತ್ತದೆ. ಅದರ ಹಿಂದೆಯೇ ಶಾಯಿ ಮತ್ತು ವಾರ್ನಿಷಿನ ವಾಸನೆ, ಹೊಸ ಪಠ್ಯಪುಸ್ತಕದ ವಾಸನೆಗೆ ಹತ್ತಿರದ್ದು, ತುಸು ಹರಿತವಾದದ್ದು. ಕಾರ್ಡುಗಳ ಕಟ್ಟನ್ನು ಅಂಚುಗಳಲ್ಲಿ ಮಾತ್ರ ಹಿಡಿದು ಹೊರಗೆಳೆಯಬೇಕು. ಹೊಳಪು ಮೈಯ ಮೇಲೆ ಬೆವರಿನ ಬೆರಳು ಅಚ್ಚೊತ್ತಿದರೆ ಹೋಗುವುದಿಲ್ಲ. ಮೇಜನ್ನು ಮೊದಲೇ ಒರೆಸಿರಬೇಕು. ಕಲ್ಲಿದ್ದಲು, ಅದಿರು ಸಾಗುವ ಬಂದರಿನ ಊರಿನಲ್ಲಿ ಕಿಟಕಿ ಪಕ್ಕದ ಮೇಜಿನ ಮೇಲೆ ಬೆಳಗ್ಗೆ ಒರೆಸಿದರೆ ಸಂಜೆಗೆ ನುಣ್ಣನೆಯ ಕಪ್ಪು ಹುಡಿ ಕೂತಿರುತ್ತದೆ.

ಆಮೇಲಿನದು ಅವರವರ ರುಚಿ. ಕೆಲವರು ಎಲ್ಲವನ್ನೂ ಬೀಸಣಿಗೆಯಂತೆ ಒಮ್ಮೆಲೇ ಹರಡುತ್ತಾರೆ. ಕೆಲವರು ಕಟ್ಟನ್ನು ಬೆನ್ನು ಮೇಲಾಗಿ ಇಟ್ಟು ಮೊದಲು ಅಂಕಿಅಂಶ ಓದಿ, ಹೆಸರು ಊಹಿಸಿ, ಕೊನೆಗೆ ಮುಖ ತಿರುಗಿಸುತ್ತಾರೆ. ಮೇಲಿನ ಕಾರ್ಡನ್ನು ಹೆಬ್ಬೆರಳಿನಿಂದ ಕೂದಲೆಳೆಯಷ್ಟು ಜಾರಿಸಿ ಕೆಳಗಿನದರ ಜರ್ಸಿಯ ಬಣ್ಣವನ್ನಷ್ಟೇ ಮೊದಲು ನೋಡುವ ಪದ್ಧತಿ ಎಲ್ಲಕ್ಕಿಂತ ಸೊಗಸು. ಹಳದಿ ಕಂಡರೆ ಬ್ರೆಜಿಲ್ ಇರಬಹುದು, ಚೆನ್ನೈ ಇರಬಹುದು. ಅಂಚಿನಲ್ಲಿ ಮಿಂಚು ಕಂಡರೆ ಕೈ ತಾನಾಗಿ ನಿಲ್ಲುತ್ತದೆ. ತಿಂಗಳಿಗೆ ಹತ್ತು ಪ್ಯಾಕೆಟ್ಟು ಕೊಂಡು ಒಂದೇ ಸಂಜೆ ಮುಗಿಸುವವರಿಗಿಂತ ಮೂರು ದಿನಕ್ಕೊಂದು ಬಿಡಿಸುವವರು ಈ ಹವ್ಯಾಸವನ್ನು ಹೆಚ್ಚು ಉಂಡಿರುತ್ತಾರೆ.

ಬಿಡಿಸಿದ ಮೇಲೆ ಓದು. ಈಗಿನ ಸಾಮಾನ್ಯ ಅಳತೆ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಟಾಪ್ಸ್ 1957ರಲ್ಲಿ ಹಿಡಿದ ಅಳತೆ. ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗಿ ಆಮೇಲೆ ಕತ್ತರಿಸುವುದರಿಂದ ಚಿತ್ರ ನಡುವಿಗೆ ಸರಿಯಾಗಿ ಕೂತಿದೆಯೇ ಎಂಬುದನ್ನು ಸಂಗ್ರಾಹಕರ ಕಣ್ಣು ಮೊದಲು ನೋಡುತ್ತದೆ. ಆಟಗಾರ ಮೊದಲ ಬಾರಿ ಕಾಣಿಸಿಕೊಂಡ ಕಾರ್ಡಿಗೆ ‘ರೂಕಿ’ ಎಂದು ಹೆಸರು, ಅದಕ್ಕೆ ಮನ್ನಣೆ ಹೆಚ್ಚು. ಅದೇ ಚಿತ್ರ ಬೇರೆ ಬಣ್ಣದ ಹೊಳಪಿನಲ್ಲಿ ಬಂದರೆ ‘ಪ್ಯಾರಲಲ್’. ಇವೆಲ್ಲ ಹೌದು. ಆದರೆ ಹೆಸರೇ ಕೇಳಿರದ ಎಡಬದಿಯ ರಕ್ಷಣಾ ಆಟಗಾರನೊಬ್ಬನ ಸಾದಾ ಕಾರ್ಡು ಕೊಡುವ ಸಂತೋಷವೂ ಚಿಕ್ಕದಲ್ಲ. ಅವನ ದೇಶ ಭೂಪಟದಲ್ಲಿ ಎಲ್ಲಿದೆ, ಕ್ಲಬ್ಬು ಯಾವ ಊರಿನದು ಎಂದು ಹುಡುಕುತ್ತ ಸಂಜೆ ಕಳೆಯುತ್ತದೆ. ಪ್ಯಾಕೆಟ್ಟಿನಲ್ಲಿ ಬರದ ಆಟಗಾರರಿಗೂ ಜಾಗವಿದೆ. ಸಾಲ್ಗಾಂವ್ಕರ್ ತಂಡದ ಗೋಲು ಕಾದು, 2022ರಲ್ಲಿ ಪದ್ಮಶ್ರೀ ಪಡೆದ ಬ್ರಹ್ಮಾನಂದ ಸಂಖ್ವಾಳ್ಕರ್ ಅವರಂಥವರ ಚಿತ್ರವನ್ನು ಪತ್ರಿಕೆಯಿಂದ ಕತ್ತರಿಸಿ, ಅದೇ ಅಳತೆಯ ರಟ್ಟಿಗೆ ಅಂಟಿಸಿ ಆಲ್ಬಮ್ಮಿಗೆ ಸೇರಿಸಿದರೆ ಅದೂ ಕಾರ್ಡೇ.

ಇನ್ನು ಲೆಕ್ಕ. ಹೊದಿಕೆಯ ಮೇಲೆ 24ರಲ್ಲಿ 1 ಎಂದು ಅಚ್ಚಾಗಿದ್ದರೆ 24 ಪ್ಯಾಕೆಟ್ಟು ಕೊಂಡವರಿಗೆಲ್ಲ ಆ ಕಾರ್ಡು ಸಿಗುತ್ತದೆಂದಲ್ಲ. ಅದು ಒಟ್ಟು ಮುದ್ರಣದ ಸರಾಸರಿ. ನೂರು ಜನ ಅಲ್ಲಲ್ಲಿ ಬಿಡಿಯಾಗಿ ಕೊಂಡು ತಲಾ 24 ಪ್ಯಾಕೆಟ್ಟು ಬಿಡಿಸಿದರೆ ಸುಮಾರು 36 ಜನ ಬರಿಗೈಯಲ್ಲಿ ಏಳುತ್ತಾರೆ. ಆಲ್ಬಮ್ ತುಂಬಿಸುವ ಲೆಕ್ಕ ಇನ್ನೂ ಕಠಿಣ. 2022ರ ಕತಾರ್ ವಿಶ್ವಕಪ್ಪಿನ ಪಾನಿನಿ ಆಲ್ಬಮ್ಮಿನಲ್ಲಿ 670 ಚಿತ್ರಗಳಿದ್ದವು. ಪ್ಯಾಕೆಟ್ಟಿಗೆ ಐದರಂತೆ, ಒಂದೂ ಮರುಕಳಿಸದಿದ್ದರೆ 134 ಪ್ಯಾಕೆಟ್ಟು ಸಾಕು. ಎಲ್ಲ ಚಿತ್ರಗಳೂ ಸಮ ಪ್ರಮಾಣದಲ್ಲಿ ಬರುತ್ತವೆಂದು ಹಿಡಿದರೂ ಒಬ್ಬರೇ ಕೂತು ತುಂಬಿಸಲು ಸರಾಸರಿ 4,750 ಚಿತ್ರ, ಅಂದರೆ 950ರಷ್ಟು ಪ್ಯಾಕೆಟ್ಟು ಬೇಕು. ಮೊದಲ ಅರ್ಧ 93 ಪ್ಯಾಕೆಟ್ಟಿನಲ್ಲಿ ಮುಗಿಯುತ್ತದೆ. ಕೊನೆಯ ಒಂದೇ ಒಂದು ಚಿತ್ರಕ್ಕೆ ಸರಾಸರಿ 134 ಪ್ಯಾಕೆಟ್ಟು. ತಿಂಗಳಿಗಿಷ್ಟೇ ಹಣ ಎಂದು ಮೊದಲೇ ಗೆರೆ ಎಳೆದುಕೊಳ್ಳದಿದ್ದರೆ ಹವ್ಯಾಸ ಜೂಜಿನ ಕಡೆಗೆ ವಾಲುವುದು ಈ ಕೊನೆಯ ಹಂತದಲ್ಲೇ. 1933ರಲ್ಲಿ ಗೌಡಿ ಎಂಬ ಅಮೆರಿಕದ ಗಮ್ ಕಂಪನಿ ತನ್ನ ಸರಣಿಯ 106ನೇ ಕಾರ್ಡನ್ನು ಅಚ್ಚೇ ಹಾಕಿರಲಿಲ್ಲ. ಮಕ್ಕಳು ಇಲ್ಲದ ಕಾರ್ಡಿಗಾಗಿ ಗಮ್ಮು ಕೊಳ್ಳುತ್ತಲೇ ಇದ್ದರು. ದೂರು ಬರೆದವರಿಗೆ ಮರುವರ್ಷ ಅದನ್ನು ಅಚ್ಚುಹಾಕಿಸಿ ಅಂಚೆಯಲ್ಲಿ ಕಳಿಸಿತು.

ಈ ಲೆಕ್ಕವನ್ನು ಸೋಲಿಸುವುದು ವಿನಿಮಯ ಮಾತ್ರ. ಒಬ್ಬರ ‘ಡಬಲ್’ ಇನ್ನೊಬ್ಬರ ಖಾಲಿ ಮನೆ ತುಂಬುತ್ತದೆ. ಹತ್ತು ಜನ ಸೇರಿದರೆ ಪ್ರತಿಯೊಬ್ಬರಿಗೂ ಬೇಕಾಗುವ ಪ್ಯಾಕೆಟ್ಟುಗಳ ಸಂಖ್ಯೆ ಬಹಳ ಇಳಿಯುತ್ತದೆ. ಡಬಲ್ಲುಗಳ ಕಟ್ಟನ್ನು ಒಬ್ಬರು ಒಂದೊಂದಾಗಿ ತಿರುವುತ್ತ ಹೋದರೆ ಎದುರು ಕೂತವರು ಉಸಿರು ಬಿಡದೆ ಹೇಳುತ್ತ ಹೋಗಬೇಕು: “ಐತಿ, ಐತಿ, ಐತಿ, ಇಲ್ಲ! ತಡಿಯಪಾ, ಅದು ಇಲ್ಲ!” ಕೊಂಕಣಿಯಲ್ಲಾದರೆ ‘ಆಸಾ, ಆಸಾ, ನಾ’. ಎರಡು ಭಾಷೆಯ ಮಕ್ಕಳು ಸೇರಿದಾಗ ಇಷ್ಟು ಪದಗಳಲ್ಲಿ ಅರ್ಧ ಗಂಟೆಯ ವ್ಯಾಪಾರ ಮುಗಿಯುತ್ತದೆ. ಹೊಳಪಿನದಕ್ಕೆ ಸಾದಾ ಎಷ್ಟು, ನಾಯಕನ ಕಾರ್ಡಿಗೆ ಎಷ್ಟು ಎಂಬ ದರ ಕೂತ ಕಟ್ಟೆಯ ಮೇಲೆಯೇ ನಿಗದಿಯಾಗುತ್ತದೆ. ತನಗೆ ಬೇಡವಾದದ್ದು ಬೇರೆಯವರಿಗೆ ಬೇಕಿರುತ್ತದೆಂಬ ಅರಿವಿನಿಂದ ಡಬಲ್ಲನ್ನೂ ಮೊದಲನೆಯದರಷ್ಟೇ ಜೋಪಾನವಾಗಿ ಇಡುವವರು ಒಳ್ಳೆಯ ಸಂಗ್ರಾಹಕರು.

ಕಾಪಾಡುವುದು ಕಡಲ ತೀರದಲ್ಲಿ ಬೇರೆಯೇ ವಿದ್ಯೆ. ಜುಲೈಯಲ್ಲಿ ಇಲ್ಲಿನ ಗಾಳಿಯ ತೇವಾಂಶ ಶೇ. 90ರ ಆಸುಪಾಸಿನಲ್ಲಿರುತ್ತದೆ. ಹೊಳಪು ಕಾರ್ಡಿನ ಮುಂಬದಿಯ ಪದರ ತೇವ ಕುಡಿಯುವುದಿಲ್ಲ, ಹಿಂಬದಿಯ ಕಾಗದ ಕುಡಿದು ಹಿಗ್ಗುತ್ತದೆ. ಕಾರ್ಡು ದೋಣಿಯಂತೆ ಬಾಗುತ್ತದೆ. ಸಾವಂತವಾಡಿಯ ಗಂಜೀಫಾ ಎಲೆಗಳಿಗೆ ಅರಗಿನ ಲೇಪ ಕೊಡುತ್ತಿದ್ದ ಕಲಾವಿದರ ಜಾಣ್ಮೆ ಇಂಥ ಮಳೆಗಾಲ ಕಂಡವರಿಗೆ ಬೇಗ ಅರ್ಥವಾಗುತ್ತದೆ. ಪ್ರತಿ ಕಾರ್ಡಿಗೂ ತೆಳು ಪ್ಲಾಸ್ಟಿಕ್ ಚೀಲ, ಒಂಬತ್ತು ಮನೆಗಳ ಹಾಳೆ, ಗಟ್ಟಿ ಮುಚ್ಚಳದ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್ಲಿನ ಪೊಟ್ಟಣ. ಗೋಡೆಗೆ ತಾಗಿದ ಕಪಾಟು ಬೇಡ. ಬೆಳ್ಳಿಮೀನು ಹುಳು ಕಾಗದದ ಅಂಚು ಮೇಯುವುದರಿಂದ ತಿಂಗಳಿಗೊಮ್ಮೆ ತೆಗೆದು ನೋಡಬೇಕು. ಬಾಗಿದ ಕಾರ್ಡನ್ನು ಬಿಸಿಲಿಗಿಟ್ಟರೆ ಬಣ್ಣ ಹೋಗುತ್ತದೆ. ಎರಡು ಒಣ ರಟ್ಟುಗಳ ನಡುವೆ ದಪ್ಪ ಪುಸ್ತಕದ ಭಾರ ಹೇರಿ, ಚವತಿ ಕಳೆದು ಗಾಳಿ ಒಣಗುವವರೆಗೆ ಬಿಟ್ಟರೆ ಬಹುಮಟ್ಟಿಗೆ ನೆಟ್ಟಗಾಗುತ್ತದೆ. ಡಬಲ್ಲುಗಳ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಬಾರದು. ಏಪ್ರಿಲ್ ಸೆಕೆಗೆ ಅದು ಕರಗಿ ಮೊದಲ ಮತ್ತು ಕೊನೆಯ ಕಾರ್ಡಿಗೆ ಅಂಟುತ್ತದೆ, ನಡುವಿನವುಗಳ ಅಂಚಿನಲ್ಲಿ ಗೀಟು ಬೀಳುತ್ತದೆ. ಅಗಲವಾದ ಕಾಗದದ ಪಟ್ಟಿಯನ್ನು ಸಡಿಲವಾಗಿ ಸುತ್ತಿ, ಸಂಖ್ಯೆಗಳನ್ನು ಅದರ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟರೆ ಸಾಕು. ವಿನಿಮಯವಾದಂತೆ ಅಳಿಸಿ ತಿದ್ದಬಹುದು.