ಮೂಲೆಮನೆಯ ಬೊಂಬೆಗಳು

ನಮ್ಮ ಪಾಠಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಾದವಳು ಪರೀಕ್ಷೆಯ ಫಲಿತಾಂಶವನ್ನೂ ಕಟ್ಟಡದ ನಿಧಿಯನ್ನೂ ಕುರಿತು ಬರೆಯುವುದು ವಾಡಿಕೆ. ಈ ಸಲ ಆ ವಿಷಯಗಳನ್ನು ವಾರ್ಷಿಕ ವರದಿಗೆ ಬಿಟ್ಟು, ಶರತ್ಕಾಲದ ಹಬ್ಬಗಳಲ್ಲಿ ಚಿಕ್ಕ ಮಕ್ಕಳಿಗೆ ಸಲ್ಲತಕ್ಕ ಪಾಲನ್ನು ಕುರಿತು ಕೆಲವು ಮಾತು ಬರೆಯಲು ಪೂರ್ವ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಅಪ್ಪಣೆಯನ್ನು ಬೇಡುತ್ತೇನೆ.

ನಾನು ಬೆಳೆದದ್ದು ರಾಜಾಜಿನಗರದ ಒಂದು ಅಡ್ಡರಸ್ತೆಯಲ್ಲಿ. ಆ ರಸ್ತೆಯಲ್ಲಿ ಕ್ರೈಸ್ತರ ಮನೆಯೆಂದರೆ ನಮ್ಮದೊಂದೇ. ನವರಾತ್ರಿ ಬಂದಿತೆಂದರೆ ಹೆಚ್ಚುಕಡಮೆ ಪ್ರತಿಯೊಂದು ಮನೆಯ ನಡುಮನೆಯಲ್ಲಿಯೂ ಮೆಟ್ಟಲು ಕಟ್ಟಿ, ಬಿಳಿಯ ಪಂಚೆಯನ್ನು ಹಾಸಿ, ಬೊಂಬೆಗಳನ್ನು ಕೂರಿಸುತ್ತಿದ್ದರು. ಎಲ್ಲಕ್ಕೂ ಮೇಲೆ ಮರದ ಪಟ್ಟದ ಬೊಂಬೆಗಳು, ಅಂದರೆ ತೌರಿನವರು ಮಗಳ ಮದುವೆಯಲ್ಲಿ ಕೊಟ್ಟ ರಾಜ ರಾಣಿಯರು. ಕೆಳಗೆ ದೇವರುಗಳು, ಶೆಟ್ಟಿಯ ಅಂಗಡಿ, ಮದುವೆಯ ದಿಬ್ಬಣ, ಚನ್ನಪಟ್ಟಣದ ಅರಗಿನ ಬಣ್ಣದ ಆಟದ ಸಾಮಾನು. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆಯ ವೈಭವವನ್ನು ಮೈಸೂರಿಗೆ ಹೋಗಿ ನೋಡಲಾರದ ಮಕ್ಕಳಿಗೆ, ಈ ಮೆಟ್ಟಲುಗಳ ಮೇಲಿನ ಆನೆಯ ಸಾಲೇ ಜಂಬೂಸವಾರಿಯಾಗಿದ್ದಿತು.

ಸಂಜೆಯಾಗುತ್ತಲೆ ಮಕ್ಕಳೆಲ್ಲ ಗುಂಪುಕೂಡಿ, ಕೈಯಲ್ಲಿ ಒಂದೊಂದು ಡಬ್ಬಿ ಹಿಡಿದು, ಮನೆಮನೆಯ ಬಾಗಿಲಲ್ಲಿ ನಿಂತು, "ಬೊಂಬೆ ಕೂರಿಸಿದ್ದೀರಾ?" ಎಂದು ಕೂಗುವುದು. ಒಳಗೆ ಕರೆದು ಬೊಂಬೆ ತೋರಿಸಿ, ಹಾಡು ಬರುವವರಿಂದ ಹಾಡಿಸಿ, ಚರ್ಪು ಕೊಟ್ಟು ಕಳುಹಿಸುವರು. ಒಂದು ಮನೆಯಲ್ಲಿ ಕಡಲೆಕಾಳಿನ ಉಸಲಿ, ಇನ್ನೊಂದರಲ್ಲಿ ಪುರಿಯುಂಡೆ, ಮತ್ತೊಂದರಲ್ಲಿ ಕೊಬ್ಬರಿಮಿಠಾಯಿ. ಯಾರ ಮನೆಯ ಚರ್ಪು ಉತ್ತಮ ಎಂಬ ವಿಷಯದಲ್ಲಿ ನಾವು ಮಾಡುತ್ತಿದ್ದ ತೀರ್ಮಾನಗಳು ಪರೀಕ್ಷಕರ ತೀರ್ಮಾನಕ್ಕಿಂತ ಕಠಿಣವಾಗಿದ್ದವು.

ನಾನು ಈ ಗುಂಪಿನಲ್ಲಿ ಹೋಗಬಹುದೇ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಹುಟ್ಟದೆ ಇರಲಿಲ್ಲ. ಸಭೆಯವರಲ್ಲಿ ಕೆಲವರು ಬೇಡವೆಂದರು. ನನ್ನ ತಾಯಿಯೂ ಅಳುಕಿದರು. ಅದನ್ನು ತೀರಿಸಿದವರು ನಮ್ಮ ಅಜ್ಜಿ. ಅವರು ಮಿಷನ್ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು. ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡವರು. "ನೆರೆಯವರು ಕರೆದರೆ ಹೋಗು. ಕೊಟ್ಟದ್ದನ್ನು ಎರಡು ಕೈಯಿಂದ ತೆಗೆದುಕೊ. ಮನೆಗೆ ತಂದು, ಯಾವಾಗಿನಂತೆ ಪ್ರಾರ್ಥನೆ ಮಾಡಿ, ತಮ್ಮನಿಗೂ ಕೊಟ್ಟು ತಿನ್ನು," ಎಂದರು. ಆ ಮೇಲೆ ಈ ವಿಷಯದಲ್ಲಿ ಯಾರೂ ಮಾತೆತ್ತಲಿಲ್ಲ. ತಮ್ಮನಿಗೆ ಕೊಡಬೇಕೆಂಬ ಭಾಗವೊಂದು ಮಾತ್ರ ನನಗೆ ಒಪ್ಪಿಗೆಯಾಗಿರಲಿಲ್ಲ.

ಬೊಂಬೆಗಳ ಮುಂದೆ ಉದ್ಯಾನವನ ಮಾಡುವುದಕ್ಕೆ ರಾಗಿಯ ಪೈರು ಬೇಕಲ್ಲವೆ? ಮಹಾಲಯ ಅಮಾವಾಸ್ಯೆಗೆ ಮುಂಚೆಯೇ ರಾಗಿಯನ್ನು ನೆನೆಹಾಕಿ, ಅಗಲವಾದ ತಟ್ಟೆಯಲ್ಲಿ ಮಣ್ಣು ತುಂಬಿ ಬಿತ್ತಿದರೆ, ಹಬ್ಬದ ವೇಳೆಗೆ ಹಸುರು ಹುಲ್ಲುಗಾವಲಾಗುವುದು. ನಮ್ಮ ಮನೆಯಲ್ಲಿ ಬೊಂಬೆ ಕೂರಿಸದಿದ್ದರೂ ನಾನು ಪ್ರತಿ ವರ್ಷ ಒಂದು ತಟ್ಟೆ ಪೈರು ಬೆಳೆಸಿ ರಸ್ತೆಯ ಮೂಲೆಮನೆಗೆ ಕೊಡುತ್ತಿದ್ದೆನು. ಆ ಮನೆಯಾಕೆಯನ್ನು ನಾವೆಲ್ಲ ಮೂಲೆಮನೆಯ ಅಮ್ಮ ಎಂದೇ ಕರೆಯುತ್ತಿದ್ದೆವು. ಆಕೆಯ ಬೊಂಬೆಗಳು ಒಂಬತ್ತು ಮೆಟ್ಟಲು ತುಂಬುತ್ತಿದ್ದವು.

1986ರ ಮಳೆಗಾಲದಲ್ಲಿ ಆಕೆಯ ಯಜಮಾನರು ತೀರಿಕೊಂಡರು. ಆ ವರ್ಷ ಸೂತಕದ ಮನೆಯೆಂದು ದೊಡ್ಡವರು ಹೇಳಿದ್ದರಿಂದ ನಾವು ಅತ್ತ ಹೋಗಲಿಲ್ಲ. ಮರು ವರ್ಷ ನನಗೆ ಏಳು ವಯಸ್ಸು. ವರ್ಷ ಕಳೆಯಿತಲ್ಲ ಎಂದು ಲೆಕ್ಕ ಹಾಕಿ, ಪೈರಿನ ತಟ್ಟೆಯನ್ನು ಹಿಡಿದು, ನವರಾತ್ರಿಯ ಎರಡನೆಯ ಸಂಜೆ ಬಾಗಿಲಲ್ಲಿ ನಿಂತು, "ಬೊಂಬೆ ಕೂರಿಸಿದ್ದೀರಾ, ಅಮ್ಮಾ?" ಎಂದೆನು. ಆಕೆ ಬಾಗಿಲನ್ನು ಅರ್ಧ ತೆರೆದು, ತಟ್ಟೆಯನ್ನು ನೋಡಿ, "ಇನ್ನು ಈ ಮನೆಯಲ್ಲಿ ಕೂರಿಸುವುದಿಲ್ಲ, ಮಗು," ಎಂದರು. ಕೈಗೆ ಏನನ್ನೂ ಕೊಡಲಿಲ್ಲ. ಬಾಗಿಲು ಮುಚ್ಚಿತು. ಅರಿಸಿನ ಕುಂಕುಮಕ್ಕೆ ಎರವಾದ ಹೆಂಗಸು ಹಬ್ಬದ ಮುಂದೆ ನಿಲ್ಲಬಾರದೆಂಬ ಕಟ್ಟಳೆ ನನಗೆ ಆಗ ಹೇಗೆ ತಿಳಿಯಬೇಕು! ನಾನೇನೋ ತಪ್ಪು ಮಾಡಿದೆನೆಂದು ತಿಳಿದು ಅಳುತ್ತ ಮನೆಗೆ ಬಂದೆನು.

ಅಜ್ಜಿ ಸೀರೆಯ ಸೆರಗನ್ನು ಸರಿಮಾಡಿಕೊಂಡು, ನನ್ನ ಕೈಹಿಡಿದು, ಆ ಕ್ಷಣವೇ ಮೂಲೆಮನೆಗೆ ಹೊರಟರು. ಒಳಗೆ ಇಬ್ಬರೂ ಬಹಳ ಹೊತ್ತು ಮಾತಾಡಿದರು. ಜಗಲಿಯ ಮೇಲೆ ಕುಳಿತಿದ್ದ ನನಗೆ ಕೇಳಿಸಿದ್ದು ಸ್ವಲ್ಪ. "ನಮ್ಮಲ್ಲಿ ಹಾಗಲ್ಲ, ಟೀಚರಮ್ಮ, ನಾಲ್ಕು ಜನ ಏನೆನ್ನುತ್ತಾರೆ?" ಎಂದು ಆಕೆ. "ಬೊಂಬೆ ನೋಡುವುದಕ್ಕೆ ಬರುವವರು ಮಕ್ಕಳು, ತಾಯಿ. ಅವರಿಗೆ ಬೇಕಾದದ್ದು ಕುಂಕುಮವಲ್ಲ, ಕಡಲೆಕಾಳು," ಎಂದು ಅಜ್ಜಿ.

ನಾಲ್ಕನೆಯ ದಿನ ಪೆಟ್ಟಿಗೆ ತೆರೆಯಿತು. ಕಲಶವಿಡಲಿಲ್ಲ, ಪಟ್ಟದ ಬೊಂಬೆಗಳನ್ನು ಹೊರಗೆ ತೆಗೆಯಲಿಲ್ಲ, ಮೆಟ್ಟಲು ಎರಡೇ. ಹಸು, ಕರು, ತರಕಾರಿ ಮಾರುವವಳು, ಬುಗುರಿ, ಮರದ ರೈಲು, ಇವುಗಳ ಮುಂದೆ ನನ್ನ ರಾಗಿಯ ಪೈರು. ಹುಲ್ಲುಗಾವಲು ಬರಿದಾಗಿದೆಯೆಂದು ನಾನು ಮನೆಗೆ ಓಡಿ, ಕ್ರಿಸ್ಮಸ್ಸಿನ ಗೋದಲಿಯಲ್ಲಿ ಇಡುವ ನಮ್ಮ ಮಣ್ಣಿನ ಕುರಿಮರಿಯನ್ನು ತಂದು ಅದರಲ್ಲಿ ನಿಲ್ಲಿಸಿದೆನು. ಒಂದೆರಡು ಮನೆಯವರು ತಮ್ಮ ಮಕ್ಕಳನ್ನು ಅಲ್ಲಿಗೆ ಹೋಗಬೇಡವೆಂದರು. ಮಕ್ಕಳು ಹೋದರು. ಆ ದಿನದ ಚರ್ಪು ಕೊಬ್ಬರಿಮಿಠಾಯಿ.

ನಮ್ಮ ಹಬ್ಬಕ್ಕೆ ಇನ್ನೂ ತಡವಿತ್ತು. ದೀಪಾವಳಿಯ ಪಟಾಕಿಗಳ ಕಾಗದವನ್ನೆಲ್ಲ ಗುಡಿಸಿದ ಮೇಲೆ ದೇವಾಲಯದಲ್ಲಿ ಸುಗ್ಗಿಯ ಹಬ್ಬ. ಕೆಂಗೇರಿಯ ಆಚೆ ಹೊಲವಿದ್ದ ನಮ್ಮ ಚಿಕ್ಕಪ್ಪ ರಾಗಿಯ ತೆನೆ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿಗಳನ್ನು ತರುವರು. ಆರಾಧನೆಯಾದ ಮೇಲೆ ಅವುಗಳ ಹರಾಜು ನಡೆಯುವುದು; ಕೋಳಿ ತಪ್ಪಿಸಿಕೊಂಡರೆ ಮಕ್ಕಳಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಆ ವರ್ಷ ಮೂಲೆಮನೆಯ ಅಮ್ಮ ತಮ್ಮ ಹಿತ್ತಲಿನ ಎರಡು ತೆಂಗಿನಕಾಯಿಗಳನ್ನು ನನ್ನ ಕೈಗೆ ಕೊಟ್ಟು, "ನಿಮ್ಮ ದೇವಸ್ಥಾನಕ್ಕೆ ಕೊಡು," ಎಂದರು. ಹರಾಜಿನಲ್ಲಿ ಅವನ್ನು ಪಟ್ಟುಹಿಡಿದು ಕೊಂಡವರು ಅಜ್ಜಿಯೇ. ಪೇಟೆಯ ಬೆಲೆಯ ನಾಲ್ಕರಷ್ಟು ಕೊಟ್ಟರೆಂದು ತಾಯಿಯವರು ಬಹುಕಾಲ ಹೇಳುತ್ತಿದ್ದರು. ಚಿಕ್ಕಪ್ಪನ ಹೊಲವಿದ್ದಲ್ಲಿ ಈಗ ಮನೆಗಳ ಸಾಲು. ಮೆಟ್ರೋ ರೈಲು 2021ರಲ್ಲಿಯೇ ಕೆಂಗೇರಿಯನ್ನು ಮುಟ್ಟಿತು. ಸುಗ್ಗಿಯ ಹಬ್ಬದ ರಾಗಿತೆನೆಯನ್ನು ಈಗ ಕೊಂಡು ತರುತ್ತೇವೆ.

ಇಷ್ಟೆಲ್ಲ ಬಲ್ಲ ನಾನು ಮುಖ್ಯೋಪಾಧ್ಯಾಯಿನಿಯಾದ ಮೇಲೆ ಮಾಡಿದ್ದೇನು? ಅರ್ಧವಾರ್ಷಿಕ ಪರೀಕ್ಷೆ ಮುಗಿಸಿ ದಸರೆಯ ರಜೆಗೆ ಹೊರಟ ಮಕ್ಕಳ ಕೈಗೆ, ದಿನಕ್ಕೆ ಇಷ್ಟು ಪುಟವೆಂದು, ಮನೆಪಾಠದ ಹೊರೆಯನ್ನು ಹೊರಿಸಿದೆನು. ಕೆಲವು ವರ್ಷಗಳ ಹಿಂದೆ ಐದನೆಯ ತರಗತಿಯ ಒಬ್ಬ ಬಾಲಿಕೆಯನ್ನು, ರಜೆಯಲ್ಲಿ ಯಾರ ಮನೆಯ ಬೊಂಬೆ ನೋಡಿದೆಯೆಂದು ಕೇಳಲಾಗಿ, "ಮಿಸ್, ಬರೆದು ಮುಗಿಯುವುದರೊಳಗೆ ಬೊಂಬೆಗಳನ್ನು ಮಲಗಿಸಿಬಿಟ್ಟಿದ್ದರು," ಎಂದಳು. ನನಗೆ ಅರ್ಧ ತೆರೆದು ಮುಚ್ಚಿದ ಆ ಬಾಗಿಲು ನೆನಪಾಯಿತು. ಈ ಸಲ ಮುಚ್ಚಿದವಳು ನಾನು.

ಅಂದಿನಿಂದ ಕೆಳಗಿನ ತರಗತಿಗಳಿಗೆ ಎರಡೇ ಕೆಲಸ. ರಾಗಿಯನ್ನು ಬಿತ್ತಿ ಪೈರಿನ ಎತ್ತರವನ್ನು ದಿನದಿನವೂ ಬರೆದಿಡುವುದು. ತಾಯಿತಂದೆಗಳೊಡನೆ ನೆರೆಯ ಒಂದು ಮನೆಗೆ ಹೋಗಿ, ಅಲ್ಲಿ ಕಂಡದ್ದನ್ನು ಬರೆಯುವುದು. ತರಗತಿಯಲ್ಲಿ ಹಿಂದೆ ಬೀಳುವರೆಂದು ಕೆಲವು ತಂದೆಗಳು ಆಕ್ಷೇಪಿಸಿದ್ದಾರೆ. ಆಕ್ಷೇಪಿಸಿದ ಮಹನೀಯರೊಬ್ಬರ ಮಗಳ ಪುಸ್ತಕದಲ್ಲಿ, "ಏಳನೆಯ ದಿನ ಪೈರು ಎರಡು ಅಂಗುಲ. ಎಂಟನೆಯ ದಿನ ಬೆಕ್ಕು ತಿಂದಿತು," ಎಂದಿತ್ತು. ವಿಜ್ಞಾನದ ಉಪಾಧ್ಯಾಯಿನಿಯವರು ಪೂರ್ಣ ಅಂಕ ಕೊಟ್ಟರು.

ಕಳೆದ ನವರಾತ್ರಿಯಲ್ಲಿ, ಬಸವೇಶ್ವರನಗರದಲ್ಲಿರುವ ನನ್ನ ತಮ್ಮನ ಇಬ್ಬರು ಮಕ್ಕಳನ್ನು ಕರೆದುಕೊಂಡು ಹಳೆಯ ರಸ್ತೆಗೆ ಹೋದೆನು. ಅವರಿರುವ ಬಹುಮಹಡಿಯ ಕಟ್ಟಡದಲ್ಲಿ ಮುಂಚಿತವಾಗಿ ತಿಳಿಸದೆ ನೆರೆಯವರ ಗಂಟೆಯನ್ನು ಒತ್ತುವಂತಿಲ್ಲವಂತೆ. ಆದಕಾರಣ ಇಲ್ಲಿಯೂ ಬಾಗಿಲಲ್ಲಿ ಕೂಗಲು ಅವಕ್ಕೆ ಸಂಕೋಚ. ನಾನೇ ಕೂಗಿದೆನು. ಮೂಲೆಮನೆ ಈಗ ಮೂರು ಅಂತಸ್ತಿನದಾಗಿದೆ. ಅಮ್ಮ ಹೋಗಿ ಬಹಳ ವರ್ಷವಾಯಿತು. ಅವರ ಮೊಮ್ಮಗನ ಹೆಂಡತಿ ಬಾಗಿಲನ್ನು ಪೂರ್ತಿ ತೆರೆದು ಒಳಗೆ ಕರೆದಳು. ಪಟ್ಟದ ಬೊಂಬೆಗಳು ಮತ್ತೆ ಮೇಲೇರಿವೆ. ಕೆಳಗೆ ರಾಗಿಯ ಪೈರಿನ ನಡುವೆ ನಮ್ಮ ಕುರಿಮರಿ ನಿಂತಿತ್ತು. ಒಂದು ಕಾಲು ಮುರಿದಿದೆ. ಅದರ ಬದಲಿಗೆ ಬೆಂಕಿಕಡ್ಡಿಯನ್ನು ಅಂಟಿಸಿದ್ದಾರೆ.

"ಅತ್ತೆ, ಈ ಕುರಿ ಯಾರದು?" ಎಂದು ತಮ್ಮನ ಚಿಕ್ಕ ಮಗಳು ಕೇಳಿದಳು.

"ಅಜ್ಜಿಯ ಕಾಲದಿಂದ ನಮ್ಮ ಮನೆಯದೇ," ಎಂದು ಆ ಗೃಹಿಣಿ ನಗುತ್ತ, ಮಕ್ಕಳಿಬ್ಬರ ಡಬ್ಬಿಗೂ ಉಸಲಿ ತುಂಬಿದಳು. ನಾನು ಸುಮ್ಮನಿದ್ದೆನು.