ಸೀರಿ ತೋರ್ಸಾಕ ಬಂದೀರೋ, ಹುಡುಗೀನ್ ತೋರ್ಸಾಕ ಬಂದೀರೋ?

ಈ ಪ್ರಶ್ನೆ ನಮ್ಮದಲ್ಲ. ಇಳಕಲ್‌ನ ಒಂದು ಓಣಿಯಲ್ಲಿ ಕಂಡಿಕೆ ಸುತ್ತುತ್ತ ಕೂತಿದ್ದ ಒಬ್ಬ ಅತ್ತಿ ನಮಗೆ ಕೇಳಿದ್ದು. ಅಷ್ಟೊತ್ತಿಗೆ ನಾವು ಮಾಡಬೇಕಾದ ತಪ್ಪೆಲ್ಲ ಮಾಡಿ ಮುಗಿಸಿದ್ದೆವು.

ನಾವು ಮೂವರು. ಒಬ್ಬ ಬಾಗಲಕೋಟೆ ನವನಗರದವ, ಒಬ್ಬ ಬಾದಾಮಿ ಕಡೆಯವ, ಒಬ್ಬಾಕಿ ಹುನಗುಂದದಾಕಿ. ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುವಾಗ ಸಭೆ, ಜಾತ್ರೆ, ಬೆಳೆಹಾನಿ ಇಂಥವನ್ನೆಲ್ಲ ಫೋಟೊ ತೆಗೆದವರು. ಒಬ್ಬರನ್ನು ನಿಲ್ಲಿಸಿ, ಬಟ್ಟೆ ಚೆಂದ ಕಾಣುವಂತೆ ಫೋಟೊ ತೆಗೆಯುವುದು ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದೂ ಗೊತ್ತಿರಲಿಲ್ಲ.

ಇಳಕಲ್‌ನಲ್ಲಿ ಪರಿಚಯದ ನೇಕಾರ ಕಾಕಾ ಒಬ್ಬರಿದ್ದಾರೆ. ಮನೆಯಲ್ಲಿ ಎರಡು ಕುಣಿಮಗ್ಗ. ನೇಯ್ದ ಸೀರೆಯನ್ನು ಸಾವಕಾರರಿಗೆ ಕೊಟ್ಟು ಕೂಲಿ ಎಣಿಸಿಕೊಳ್ಳುವ ಬದಲು ನಾಲ್ಕು ಸೀರೆಯನ್ನಾದರೂ ನೇರವಾಗಿ ಮಾರಬೇಕೆಂದು ಅವರ ಮಗನಿಗೆ ಆಸೆ. ಆತ ಮಂಚದ ಮೇಲೆ ಸೀರೆ ಮಡಚಿಟ್ಟು, ಟ್ಯೂಬ್‌ಲೈಟಿನ ಕೆಳಗೆ ಫೋಟೊ ತೆಗೆದು ವಾಟ್ಸಾಪ್ ಸ್ಟೇಟಸ್ ಹಾಕುತ್ತಿದ್ದ. ಪುಣೆಯಿಂದ, ಬೆಂಗಳೂರಿನಿಂದ ಕೇಳುವವರು ಕೇಳುತ್ತಿದ್ದರು. ಆದರೆ ಎಲ್ಲರದೂ ಒಂದೇ ಮಾತು: "ಉಟ್ಟರ ಹ್ಯಾಂಗ ಕಾಣ್ತೈತಿ?" ಪೇಟೆಯ ಸ್ಟುಡಿಯೊದಲ್ಲಿ ವಿಚಾರಿಸಿದರೆ, ಮಾಡೆಲ್ ಸಮೇತ ಒಂದು ದಿನಕ್ಕೆ ಅವರು ಹೇಳಿದ ದುಡ್ಡಿಗೆ ಕಾಕಾ ತಿಂಗಳಾನುಗಟ್ಟಲೆ ಲಾಳಿ ಎಸೆಯಬೇಕು. ಹಾಗಾಗಿ ನಮ್ಮನ್ನು ಕರೆದರು. ನಾವು ಹೂಂ ಅಂದೆವು.

ನಮ್ಮ ಬಂಡವಾಳ ಹೇಳಿಬಿಡುತ್ತೇವೆ, ಯಾಕೆಂದರೆ ನಮಗೆ ಮೆಸೇಜ್ ಮಾಡುವವರು ಮೊದಲು ಕೇಳುವುದೇ ಅದನ್ನು. ಎರಡು ವರ್ಷ ಹಳೆಯ ಒಂದು ಫೋನು. 450 ರೂಪಾಯಿಯ ಫೋನ್ ಸ್ಟ್ಯಾಂಡು. ಎರಡು ಬಿಳಿ ಥರ್ಮಕೋಲ್ ಹಾಳೆ. ಬಟ್ಟೆ ಒಣಹಾಕುವ ಕ್ಲಿಪ್ಪು ಒಂದು ಡಜನ್. ಮನೆಯ ಬಿಳಿ ಚಾದರ. ಬಸ್ಸಿನ ಖರ್ಚು ಇಬ್ಬರು ಗಂಡುಹುಡುಗರದು ಮಾತ್ರ, ಶಕ್ತಿ ಯೋಜನೆ ಬಂದ ಮೇಲೆ ಹುನಗುಂದದಾಕಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಮಾಡೆಲ್‌ಗೆ ಕೊಡಲು ಏನೂ ಇಟ್ಟಿರಲಿಲ್ಲ. ಅದು ಮೊದಲನೆಯ ತಪ್ಪು, ಆದರೆ ಆಗ ಅದು ಉಳಿತಾಯ ಅನ್ನಿಸಿತ್ತು.

ಮಾಡೆಲ್ ಸಿಕ್ಕಿದ್ದು ಸುಲಭವಾಗಿಯೇ. ಗೆಳೆಯನೊಬ್ಬನ ಚಿಕ್ಕಪ್ಪನ ಮಗಳು, ಡಿಗ್ರಿ ಎರಡನೇ ವರ್ಷ. ಆಕೆಗೂ ಹುರುಪು. ಜಾಗ ಎಲ್ಲಿ ಅಂತ ಯೋಚನೆಯನ್ನೇ ಮಾಡಲಿಲ್ಲ. ಬಾದಾಮಿ ಇರುವಾಗ ಬೇರೆ ಜಾಗ ಯಾಕೆ?

ಬಾದಾಮಿಯಲ್ಲಿ ಆ ದಿನ ಆದದ್ದು ಇಷ್ಟು. ಬಸ್ಸು ಬದಲಿಸಿ ಮುಟ್ಟುವಷ್ಟರಲ್ಲಿ ಹನ್ನೊಂದೂವರೆ. ಬಿಸಿಲು ನೆತ್ತಿಗೆ ಬಂದಿತ್ತು, ಆಕೆಯ ಕಣ್ಣ ಕೆಳಗೆ, ಮೂಗಿನ ಕೆಳಗೆ ಕಪ್ಪು ನೆರಳು. ಗುಹೆಗಳ ಹತ್ತಿರ ಸ್ಟ್ಯಾಂಡ್ ಬಿಚ್ಚಿದ ಕೂಡಲೇ ಸಿಬ್ಬಂದಿ ಬಂದು ತಡೆದರು. ತಡೆದದ್ದು ಸರಿಯೇ. ಕೈಯಲ್ಲಿ ಹಿಡಿದು ನೆನಪಿಗೆ ಫೋಟೊ ತೆಗೆದರೆ ತಕರಾರಿಲ್ಲ, ಆದರೆ ಸಂರಕ್ಷಿತ ಸ್ಮಾರಕದಲ್ಲಿ ಸ್ಟ್ಯಾಂಡ್ ಹಾಕಲು, ವ್ಯಾಪಾರಕ್ಕೆ ಶೂಟಿಂಗ್ ಮಾಡಲು ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಬೇಕು. ಕಾನೂನಿನ ಪಾಠ ಓದಿ ಪಾಸಾದ ನಾವು ಇದನ್ನು ವಿಚಾರಿಸಿರಲಿಲ್ಲ. ಸಾಮಾನು ಕಟ್ಟುತ್ತಿರುವಾಗ ಮಂಗ ಬಂದು ಬುತ್ತಿಯ ಚೀಲ ಎಳೆದುಕೊಂಡು ಹೋಯಿತು. ಒಳಗೆ ರೊಟ್ಟಿ ಇತ್ತು, ಸೀರೆ ಇನ್ನೊಂದು ಚೀಲದಲ್ಲಿತ್ತು, ಪುಣ್ಯ.

ಆದರೂ ಬರಿಗೈಲಿ ಬರಲಿಲ್ಲ. ಮೂರನೆಯ ಗುಹೆಯಲ್ಲಿ, ಮಂಗಳೇಶನ 578ರ ಶಾಸನ ಇರುವ ಗುಹೆಯಲ್ಲಿ, ಕಂಬಗಳ ತುದಿಗೆ ಹೆಣ್ಣು ಗಂಡಿನ ಜೋಡಿಗಳಿವೆ. ಕತ್ತೆತ್ತಿ ನೋಡಿ. ಒಬ್ಬರೂ ಎರಡೂ ಕಾಲಿನ ಮೇಲೆ ಸಮ ಭಾರ ಹಾಕಿ ಕಂಬದಂತೆ ನಿಂತಿಲ್ಲ. ಒಂದು ಕಾಲಿಗೆ ಭಾರ, ಇನ್ನೊಂದು ಮೊಣಕಾಲು ತುಸು ಸಡಿಲ, ಸೊಂಟ ಒಂದು ಕಡೆ ವಾಲಿದೆ. ನಮ್ಮ ಹುಡುಗಿ ಆಧಾರ್ ಕಾರ್ಡಿನ ಫೋಟೊಗೆ ನಿಂತಂತೆ ನಿಂತಿದ್ದಳು. "ಮ್ಯಾಲ ನೋಡು, ಹಂಗ ನಿಲ್ಲು" ಅಂದೆವು. ನಕ್ಕಳು, ನಿಂತಳು. ಈಗಲೂ ಹೊಸಬರಿಗೆ ನಾವು ಹೇಳುವುದು ಇದೊಂದೇ: ಒಂದು ಕಾಲಿಗೆ ಭಾರ ಹಾಕವ್ವಾ.

ಸಂಜೆ ಕೆಳಗೆ ಬಂದು, ಸ್ಮಾರಕದ ಹದ್ದು ಬಿಟ್ಟು, ದೂರದಲ್ಲಿ ಬಂಡೆ ಕಾಣುವ ಜಾಗದಲ್ಲಿ ಫೋಟೊ ತೆಗೆದೆವು. ಅಗಸ್ತ್ಯ ತೀರ್ಥದ ಆಚೆ ಭೂತನಾಥ ಗುಡಿಯ ಹಿಂದಿನ ಬಂಡೆಗೆ ಇಳಿಬಿಸಿಲು ಬಿದ್ದರೆ ಕಣ್ಣಿಗೆ ಹಬ್ಬ. ಆದರೆ ಸೀರೆಗೆ ಅದು ಹಬ್ಬ ಅಲ್ಲ. ಇಳಕಲ್ ಸೀರೆಯ ಸೆರಗು ಕೆಂಪು, ಬಂಡೆಯೂ ಕೆಂಪು, ಬೆಳಕೂ ಕೆಂಪು. ಮನೆಗೆ ಬಂದು ನೋಡಿದರೆ ಸೆರಗು ಬಂಡೆಯಲ್ಲಿ ಮುಳುಗಿತ್ತು, ಸೆರಗಿನ ಬಿಳಿ ಪಟ್ಟಿ ಕೇಸರಿ ಆಗಿತ್ತು. ಆದರೆ ಹುಡುಗಿಯ ಮುಖ ಬಹಳ ಚೆಂದ ಬಂದಿತ್ತು. ಹಿಂದಿನದನ್ನೆಲ್ಲ ಮಸುಕು ಮಾಡುವ ಮೋಡಿನಲ್ಲಿ ತೆಗೆದಿದ್ದೆವು, ಫೋನು ಸೀರೆಯ ದಡಿಯನ್ನೂ ಅರ್ಧ ಮಸುಕು ಮಾಡಿತ್ತು. ನಮಗೆ ಅದು ಕಾಣಲಿಲ್ಲ. ಮುಖ ನೋಡಿ ಖುಷಿಪಟ್ಟು ಕಾಕಾನ ಮಗನಿಗೆ ಕಳಿಸಿದೆವು, ಆತ ಹಾಕಿದ.

ಹತ್ತು ದಿನಕ್ಕೆ ಆ ಹುಡುಗಿಯ ಅಣ್ಣನ ಫೋನ್ ಬಂತು. ಯಾವುದೋ ಊರಿನ, ನಮಗೆ ಕಾಕಾಗೆ ಯಾರಿಗೂ ಸಂಬಂಧವಿಲ್ಲದ ಒಂದು ಅಂಗಡಿಯವರು ಅದೇ ಫೋಟೊ ಎತ್ತಿಕೊಂಡು, ಪವರ್‌ಲೂಮ್ ಸೀರೆಗೆ ಹಾಕಿ, ಕೆಳಗೆ ದರ ಬರೆದಿದ್ದರು. ಮುಖದ ಕೆಳಗೆ ದರ. ಅದು ಗ್ರೂಪಿನಿಂದ ಗ್ರೂಪಿಗೆ ಹೋಗಿ ಅವರ ಬೀಗರ ಊರಿನ ಗ್ರೂಪಿಗೂ ಮುಟ್ಟಿತ್ತು. ಯಾರೋ ಒಬ್ಬ ಕೆಟ್ಟ ಮಾತು ಬರೆದಿದ್ದ. ಅಣ್ಣ ಬೈಯಲಿಲ್ಲ, ಬೈದಿದ್ದರೆ ಚಲೋ ಇತ್ತು. "ನೀವು ಓದಿದವರು ಅಂತ ಕಳಿಸಿದ್ವಿ" ಅಂದ. ಆಕೆಯ ಫೋನನ್ನು ಮನೆಯವರು ತೆಗೆದಿಟ್ಟರು. ಎರಡು ವಾರ ಕಾಲೇಜಿಗೂ ಹೋಗಲಿಲ್ಲ ಅಂತ ಆಮೇಲೆ ತಿಳಿಯಿತು.

ನಾವು ಮಾಡಿದ್ದು ಏನು? ಆ ಅಂಗಡಿಯವರಿಗೆ ಫೋನ್ ಮಾಡಿ ಕೇಳಿದೆವು, ತೆಗೆದರು. ಇನ್‌ಸ್ಟಾಗ್ರಾಮಿನಲ್ಲಿ ಇದ್ದದ್ದನ್ನು ರಿಪೋರ್ಟ್ ಮಾಡಿದೆವು. ವಾಟ್ಸಾಪಿನಲ್ಲಿ ಹರಿದದ್ದನ್ನು ಹಿಂದಕ್ಕೆ ತರಲು ಯಾರಿಂದಲೂ ಆಗಲಿಲ್ಲ. ಅವರ ಮನೆಗೆ ಹೋದೆವು. ಅವರವ್ವ ಚಹಾ ಕೊಟ್ಟರು, ಮಾತಾಡಲಿಲ್ಲ. ಹುನಗುಂದದಾಕಿ ಮಾತ್ರ ಒಳಗೆ ಹೋಗಿ ಅರ್ಧ ತಾಸು ಕೂತು ಬಂದಳು. ಏನು ಮಾತಾದವು ಅಂತ ನಾವೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ.

ಕಾಕಾಗೆ ಇನ್ನು ಫೋಟೊ ತೆಗೆಯುವುದಿಲ್ಲ ಎಂದು ಹೇಳಲು ಇಳಕಲ್‌ಗೆ ಹೋದಾಗಲೇ, ಅವರ ಪಕ್ಕದ ಮನೆಯ ಆ ಅತ್ತಿ ಫೋಟೊಗಳನ್ನು ನೋಡಿ ಮೇಲಿನ ಪ್ರಶ್ನೆ ಕೇಳಿದ್ದು. ಕೇಳಿ ಸುಮ್ಮನಾಗಲಿಲ್ಲ. "ಇದರಾಗ ಕೊಂಡಿ ಎಲ್ಲೈತಿ? ತೆನಿ ಎಲ್ಲೈತಿ? ದಡಿ ಯಾವ್ದು, ಗೋಮಿಯೋ ಪರಾಸೋ?" ನಾವು ಮತ್ತೆ ಫೋಟೊ ನೋಡಿದೆವು. ಯಾವುದೂ ಇರಲಿಲ್ಲ.

ಇಳಕಲ್ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈ ಹತ್ತಿಯದಿದ್ದರೂ ಸೆರಗಿನ ಹಾಸು ರೇಷ್ಮೆಯದಿರಬಹುದು. ಈ ಎರಡು ಹಾಸಿನ ಎಳೆಗಳನ್ನು ಒಂದರೊಳಗೊಂದು ಕುಣಿಕೆ ಹಾಕಿ ಕೂಡಿಸುವುದೇ ಕೊಂಡಿ. ಕೈಮಗ್ಗದ ಇಳಕಲ್ ಅಂತ ಗುರುತು ಹಿಡಿಯುವವರು ಅಲ್ಲಿಯೇ ಕಣ್ಣು ಹಾಕುತ್ತಾರೆ. ಆಮೇಲೆ ಟೋಪ ತೆನಿ, ಸೆರಗಿನ ಕೆಂಪಿನ ನಡುವೆ ಬಿಳಿಯಲ್ಲಿ ಬರುವ ಜೋಳದ ತೆನೆಯ ಆಕಾರ. ಮಷಿನ್ ಸೀರೆ ಇಷ್ಟು ಅಗ್ಗಕ್ಕೆ ಬರುವಾಗ ಕಾಕಾನ ಸೀರೆಗೆ ಹೆಚ್ಚಿನ ದರ ಯಾಕೆ ಅನ್ನುವುದಕ್ಕೆ ಉತ್ತರ ಇವುಗಳಲ್ಲೇ ಇತ್ತು. ಅದನ್ನು ನಾವು ಮಸುಕು ಮಾಡಿದ್ದೆವು.

"ಹಂಗಾರ ನೀವ ಉಟ್ಟು ನಿಲ್ರಿ ಅತ್ತಿ" ಎಂದು ಹುನಗುಂದದಾಕಿ ಚೇಷ್ಟೆಗೆ ಅಂದಳು. ಅತ್ತಿ ಕಂಡಿಕೆ ಕೆಳಗಿಟ್ಟು ಒಳಗೆ ಹೋದರು. ಗುಳೇದಗುಡ್ಡ ಖಣದ ಕುಪ್ಪಸ ತೊಟ್ಟು, ಕಾಕಾ ನೇಯ್ದ ಹಸಿರು ಮೈಯ ಸೀರೆ ಉಟ್ಟು ಬಂದರು. ಸೆರಗು ತಲೆಯ ಮೇಲೆ. ಅವರಿಗೆ ಐವತ್ತೈದರ ಮೇಲೆ. ಎರಡೂ ಕೈಯಲ್ಲಿ ಸೆರಗಿನ ತುದಿ ಹಿಡಿದು ಬಾಗಿಲ ಚೌಕಟ್ಟಿಗೆ ಆನಿಕೊಂಡು ನಿಂತರು, ಒಂದು ಕಾಲಿಗೆ ಭಾರ. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಬಾದಾಮಿಯಲ್ಲಿ ಒಂದು ದಿನ ಹುಡುಕಿ ಸಿಗದ ಬೆಳಕು ಆ ಪಡಸಾಲೆಯ ಬಾಗಿಲಲ್ಲಿತ್ತು. ಬಿಸಿಲು ಒಳಗೆ ಬರುವುದಿಲ್ಲ, ಎದುರಿನ ಸುಣ್ಣದ ಗೋಡೆಗೆ ಬಿದ್ದು ಅಲ್ಲಿಂದ ಮೆತ್ತಗೆ ಬರುತ್ತದೆ. ನೆರಳಾದ ಕಡೆಗೆ ಒಂದು ಥರ್ಮಕೋಲ್ ಹಿಡಿದರೆ ಮುಗಿಯಿತು. ಹಳ್ಳಿಯಲ್ಲಿ ಇಂಥ ಬಾಗಿಲು ಇಲ್ಲದ ಓಣಿ ಇಲ್ಲ. ದುಡ್ಡು ಕೊಟ್ಟು ಲೈಟು ತರುವ ಮೊದಲು ನಿಮ್ಮ ಮನೆಯ ಬಾಗಿಲನ್ನು ಬೆಳಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದು ಸಲ ನೋಡಿ.

ಕೆಂಪಿನ ಸಂಗತಿ ಒಂದಿಷ್ಟು ಬೇರೆ. ಫೋನಿಗೆ ಗಾಢ ಕೆಂಪು ಸರಿಯಾಗಿ ಹಿಡಿಯಲು ಬರುವುದಿಲ್ಲ, ಎಳೆಯೆಲ್ಲ ಒಂದಾಗಿ ಕುಂಕುಮ ಚೆಲ್ಲಿದಂತೆ ಕಾಣುತ್ತದೆ. ತೆರೆಯ ಮೇಲೆ ಸೆರಗನ್ನು ಬೆರಳಿನಿಂದ ಒತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಚಿತ್ರವನ್ನು ಸ್ವಲ್ಪ ಕೆಳಗೆ ಎಳೆಯಿರಿ. ಫೋಟೊ ತುಸು ಕಪ್ಪಾಗುತ್ತದೆ, ಆದರೆ ನೇಯ್ಗೆ ಕಾಣುತ್ತದೆ. ಬ್ಯೂಟಿ ಮೋಡು, ಫಿಲ್ಟರು ಏನೂ ಬೇಡ. ಬಣ್ಣ ಬೇರೆ ಬಂತು ಅಂತ ಗಿರಾಕಿ ಸೀರೆ ವಾಪಸ್ ಕಳಿಸಿದರೆ ನಷ್ಟ ನೇಕಾರನಿಗೆ. ಲೆನ್ಸನ್ನು ಒರೆಸಿಕೊಳ್ಳಿ (ನಗಬೇಡಿ, ನಮ್ಮ ಮೊದಲ ನೂರು ಫೋಟೊಗಳ ಮಂಜಿಗೆ ಕಾರಣ ಶೇಂಗಾ ಎಣ್ಣೆ). ವಾಟ್ಸಾಪಿನಲ್ಲಿ ಫೋಟೊ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿದರೆ ಎಳೆ ಕೆಡುವುದಿಲ್ಲ.

ಅತ್ತಿಯ ಹದಿನಾಲ್ಕು ಫೋಟೊ ತೆಗೆದೆವು. ಪೂರ್ತಿ ನಿಂತದ್ದು, ಸೆರಗು ಬಿಡಿಸಿ ಹಿಡಿದದ್ದು, ಬೆನ್ನ ಕಡೆಯಿಂದ, ಬರೀ ಕೈ ಮತ್ತು ಕೊಂಡಿ. ಆ ಕೈ ಫೋಟೊ ಕಾಕಾನ ಮಗನ ಹತ್ತಿರ ಹೆಚ್ಚು ಜನ ಕೇಳಿದ ಫೋಟೊ. ಬೆರಳಿನ ತುದಿಯಲ್ಲಿ ನೂಲು ಸುತ್ತಿ ಸುತ್ತಿ ಆದ ಗೆರೆಗಳಿವೆ. ಆ ಸೀರೆ ಮೂರನೆಯ ದಿನ ಹೋಯಿತು. ದೀಪಾವಳಿಯೊಳಗೆ ಮತ್ತೆ ಐದು ಹೋದವು. ಐದು ಅಂದರೆ ದೊಡ್ಡ ಸಂಖ್ಯೆಯಲ್ಲ, ಆದರೆ ಸಾವಕಾರರ ಕೈ ದಾಟದೆ ಹೋದ ಐದು.

ಈ ಸಲ ಫೋಟೊಗೆ ಮೊದಲು ಕಾಗದ ಬರೆದೆವು. ಕಾಗದ ಅಂದರೆ ನೋಟ್‌ಬುಕ್ಕಿನ ಒಂದು ಹಾಳೆ, ಕನ್ನಡದಲ್ಲಿ. ಫೋಟೊ ಎಲ್ಲಿ ಹಾಕುತ್ತೇವೆ, ಎಷ್ಟು ದಿನ, ಮುಖ ಕಾಣಬೇಕೋ ಬೇಡವೋ, ಬೇಡ ಅಂದ ದಿನ ತೆಗೆಯುತ್ತೇವೆ, ಅರ್ಧ ದಿನಕ್ಕೆ 500 ರೂಪಾಯಿ. ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಸಹಿ. ಫೋಟೊದ ನಡುವೆ, ಸೀರೆಯ ಮೇಲೆಯೇ, ನೇಕಾರರ ನಂಬರು ತೆಳುವಾಗಿ ಬರೆಯುತ್ತೇವೆ. ಮೂಲೆಯಲ್ಲಿ ಬರೆದರೆ ಕತ್ತರಿಸುತ್ತಾರೆ. ಫೋಟೊ ಯಾರದು ಅನ್ನುವುದನ್ನೂ ಬರೆದುಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ದುಡ್ಡು ಕೊಟ್ಟು ತೆಗೆಸಿಕೊಂಡ ಫೋಟೊ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದೇ ಆಗುತ್ತದೆ, ತೆಗೆದವರದಲ್ಲ. ಆದರೆ ಆ ಕಾಯ್ದೆ ಮಾಡೆಲ್‌ನ ಮನೆಯ ಮರ್ಯಾದೆಯ ಲೆಕ್ಕ ಇಡುವುದಿಲ್ಲ, ಅದಕ್ಕೇ ಆ ಹಾಳೆ. ಹುಡುಗಿಯರ ಫೋಟೊ ಇದ್ದರೆ ಹುನಗುಂದದಾಕಿ ಇಲ್ಲದೆ ನಾವಿಬ್ಬರೇ ಹೋಗುವುದಿಲ್ಲ. ಆಕೆಗೆ ಬಿಡುವಿಲ್ಲದಿದ್ದರೆ ದಿನ ಮುಂದಕ್ಕೆ ಹಾಕುತ್ತೇವೆ. ಒಂದು ಸಲ ಹೀಗೆ ಮುಂದಕ್ಕೆ ಹಾಕಿ ಒಂದು ಆರ್ಡರ್ ಕೈಬಿಟ್ಟಿತು.

500 ಕಡಿಮೆ ಅಂತ ನಮ್ಮಲ್ಲೇ ಜಗಳ ಇದೆ. ಬಾದಾಮಿಯವ ಹೆಚ್ಚಿಸೋಣ ಅನ್ನುತ್ತಾನೆ, ನವನಗರದವ ಕಾಕಾನ ಕಿಸೆ ನೋಡು ಅನ್ನುತ್ತಾನೆ. ಅತ್ತಿಗೆ ದುಡ್ಡು ಕೊಟ್ಟ ದಿನ ಅವರು ನೋಟನ್ನು ತಿರುಗಿಸಿ ನೋಡಿ, "ನಿಂತಿದ್ದಕ್ಕ ಇಷ್ಟಾ? ಕುಂತು ಕಂಡಿಕಿ ಸುತ್ತಿದ್ರ ಇಷ್ಟು ಬರಾಕ ಎಷ್ಟ್ ದಿನ ಬೇಕ ಗೊತ್ತೇನ?" ಅಂದರು. ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಮೊದಲ ಹುಡುಗಿಗೆ ಕೊಡದೆ ಉಳಿದಿದ್ದ ದುಡ್ಡನ್ನು ಹುನಗುಂದದಾಕಿ ಮನೆಗೆ ಹೋಗಿ ಕೊಟ್ಟು ಬಂದಳು. ಅವರವ್ವ ಬೇಡ ಅಂದರು, ಆಮೇಲೆ ತಗೊಂಡರು. ಆಕೆ ಈಗ ಕಾಲೇಜಿಗೆ ಹೋಗುತ್ತಾಳೆ, ಫೋನೂ ಕೈಗೆ ಬಂದಿದೆ. ಯುಗಾದಿ ಮುಗಿದ ವಾರ ಹುನಗುಂದದಾಕಿಗೆ ಒಂದು ಮೆಸೇಜ್ ಬಂತು: "ಅಕ್ಕಾ, ಬಾದಾಮ್ಯಾಗಿನ ಫೋಟೊ ಎಲ್ಲಾ ಅಳಿಸೀರೇನ? ಗುಹಿ ಕೆಳಗ ನಕ್ಕೊಂತ ನಿಂತಿದ್ನಲ್ಲ, ಅದೊಂದು ಬೇಕಿತ್ತು. ಪ್ರಿಂಟ್ ಹಾಕ್ಸಿ ಕೊಡ್ರಿ. ಫೋನಿಗೆ ಕಳಸಬ್ಯಾಡ್ರಿ."

ಅದು ಫೋನಿನಲ್ಲಿ ಇತ್ತು. ಬಾಗಲಕೋಟೆಯಲ್ಲಿ ಪ್ರಿಂಟ್ ಹಾಕಿಸಿ, ಲಕೋಟೆಯಲ್ಲಿಟ್ಟು ಅಂಟಿಸಿ, ಕಾಲೇಜು ಬಿಡುವ ಹೊತ್ತಿಗೆ ಆಕೆಯ ಕೈಗೇ ಕೊಟ್ಟೆವು. ಆಮೇಲೆ ಫೋನಿನಲ್ಲಿದ್ದದ್ದನ್ನು ಆಕೆಯ ಎದುರಿಗೇ ಅಳಿಸಿದೆವು.